ಹುಳದೊಳಗೆ ಗಂಡು-ಹೆಣ್ಣಿನ ಲೆಕ್ಕ ಕಂಡ ನೆಟ್ಟಿ ಸ್ಟೀವನ್ಸ್

ಕೃಷ್ಣೆಯ ದಂಡೆಯ ಮೇಲೆ ನೀಲಮ್ಮ ತಾಯಿಯ ಐಕ್ಯಸ್ಥಳಕ್ಕೆ ಕೈಮುಗಿದು ಬಾಳುವ ಊರು ನಮ್ಮದು. ಆದರೂ ಸೊಸೆ ಎರಡನೆಯದನ್ನೂ ಹೆಣ್ಣೇ ಹಡೆದಳೆಂದರೆ ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ತೊಟ್ಟಿಲ ಕಾರ್ಯಕ್ಕೆ ಬಂದವರು ಸಮಾಧಾನ ಹೇಳುವ ಧಾಟಿಯಲ್ಲಿ ಮಾತಾಡುತ್ತಾರೆ. ಮೂರನೆಯದೂ ಹೆಣ್ಣಾದರೆ ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತು ಎದ್ದದ್ದನ್ನು ಹಿರಿಯರು ಬಲ್ಲರು. ತಪ್ಪು ಹಡೆದವಳದು ಎಂಬ ನಂಬಿಕೆಯೇ ಇದಕ್ಕೆಲ್ಲ ಆಧಾರ. ಆ ಆಧಾರ ಕುಸಿಯುವಂಥ ಗಟ್ಟಿ ಪುರಾವೆಯನ್ನು 1905ರಲ್ಲಿ ಮುಂದಿಟ್ಟವರು ಅಮೆರಿಕದ ನೆಟ್ಟಿ ಮರಿಯಾ ಸ್ಟೀವನ್ಸ್. ಅದಕ್ಕೂ ಮುಂಚೆ ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಹೇಳಿದವರು ಇವರು.

ನೆಟ್ಟಿ ಹುಟ್ಟಿದ್ದು 1861ರ ಜುಲೈ 7ರಂದು, ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಎಂಬ ಸಣ್ಣ ಊರಿನಲ್ಲಿ. ತಂದೆ ಎಫ್ರೈಮ್ ಬಡಿಗತನ ಮಾಡುತ್ತಿದ್ದರು. ಮಗು ತೀರ ಚಿಕ್ಕದಿರುವಾಗಲೇ ತಾಯಿ ತೀರಿಕೊಂಡರು. ತಂದೆ ಮತ್ತೆ ಮದುವೆಯಾಗಿ ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫರ್ಡ್‌ಗೆ ಬಂದು ನೆಲೆಸಿದರು. ನೆಟ್ಟಿ ಮತ್ತು ತಂಗಿ ಎಮ್ಮಾ ಅಲ್ಲಿಯ ಶಾಲೆಯಲ್ಲಿ ಓದಿದರು. ಆ ಕಾಲದಲ್ಲಿ ಓದಿದ ಹೆಣ್ಣುಮಕ್ಕಳಿಗೆ ತೆರೆದಿದ್ದ ದಾರಿ ಹೆಚ್ಚಾಗಿ ಒಂದೇ, ಶಿಕ್ಷಕಿಯ ಕೆಲಸ. 1880ರಲ್ಲಿ ಶಾಲೆ ಮುಗಿಸಿದ ನೆಟ್ಟಿಯೂ ಅದನ್ನೇ ಹಿಡಿದರು. ಪ್ರಾಣಿಶಾಸ್ತ್ರ, ಗಣಿತ, ಲ್ಯಾಟಿನ್, ಇಂಗ್ಲಿಷ್, ಕೊಟ್ಟದ್ದನ್ನೆಲ್ಲ ಕಲಿಸಿದರು. ನಡುವೆ ಶಿಕ್ಷಕರ ತರಬೇತಿ ಶಾಲೆಗೆ ಸೇರಿ ನಾಲ್ಕು ವರ್ಷದ ಪಾಠವನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಕೆಲಕಾಲ ಗ್ರಂಥಪಾಲಕಿಯೂ ಆಗಿದ್ದರು.

ಹೀಗೆ ದುಡಿದು ಹಣ ಕೂಡಿಸಿ, 1896ರಲ್ಲಿ ದೇಶದ ಆಚೆ ತುದಿಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಡಿಗ್ರಿ ಓದಲು ಹೋದರು. ಆಗ ವಯಸ್ಸು 35. ನಮ್ಮಲ್ಲಿ ಮೂವತ್ತಕ್ಕೆ ಓದಿನ ಕಾಲ ಮುಗಿಯಿತು ಎನ್ನುವವರೇ ಹೆಚ್ಚು! 1899ರಲ್ಲಿ ಬಿ.ಎ., ಮರುವರ್ಷ ಎಂ.ಎ. ಮುಗಿಯಿತು. ನಂತರ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿಗೆ ಬಂದು 1903ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರ ಗುರು ಥಾಮಸ್ ಹಂಟ್ ಮಾರ್ಗನ್.

ಗಂಡೋ ಹೆಣ್ಣೋ ಎಂಬುದು ತಾಯಿಯ ಆಹಾರದಿಂದ, ಶಾಖದಿಂದ, ಸುತ್ತಲಿನ ಪರಿಸರದಿಂದ ನಿರ್ಧಾರವಾಗುತ್ತದೆಂದು ಆಗ ಅನೇಕ ವಿಜ್ಞಾನಿಗಳೇ ನಂಬಿದ್ದರು. ಜೀವಕೋಶಕ್ಕೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವ ದಾರದಂಥ ತುಣುಕುಗಳೇ ವರ್ಣತಂತುಗಳು. ಅವಕ್ಕೂ ಲಿಂಗಕ್ಕೂ ಏನೋ ನಂಟಿದೆ ಎಂಬ ಗುಮಾನಿ ಕೆಲವರಿಗಿತ್ತು, ಪುರಾವೆ ಸಿಕ್ಕಿರಲಿಲ್ಲ. ಕಾರ್ನೆಗಿ ಸಂಸ್ಥೆಯ ಧನಸಹಾಯ ಪಡೆದ ನೆಟ್ಟಿ, ಹಿಟ್ಟು-ಕಾಳಿನಲ್ಲಿ ಬದುಕುವ ಒಂದು ಜೀರುಂಡೆಯ ಹುಳವನ್ನು ಆರಿಸಿಕೊಂಡರು. ನಮ್ಮ ಜೋಳದ ನುಸಿಗೆ ಇದು ದೂರದ ನೆಂಟ, ಗಾತ್ರದಲ್ಲಿ ದೊಡ್ಡದು. ಹುಳವನ್ನು ಸೀಳಿ, ಬೀಜಕೋಶದ ಭಾಗವನ್ನು ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಹೆಚ್ಚಿ, ಬಣ್ಣ ಹಚ್ಚಿ, ಒಂದೊಂದನ್ನೇ ಎಣಿಸಿ ಕೈಯಿಂದ ಚಿತ್ರ ಬರೆಯುವ ಕೆಲಸ ಅದು. ಕಣ್ಣೂ ತಾಳ್ಮೆಯೂ ಎರಡೂ ಬೇಕು.

ಎಣಿಕೆ ಹೀಗೆ ಬಂತು. ಹೆಣ್ಣು ಹುಳದ ಕೋಶದಲ್ಲಿ 20 ದೊಡ್ಡ ವರ್ಣತಂತುಗಳು. ಗಂಡಿನಲ್ಲಿಯೂ 20, ಆದರೆ 19 ದೊಡ್ಡವು, ಒಂದು ಮಾತ್ರ ತೀರ ಚಿಕ್ಕದು. ಅಂಡಾಣುವಿಗೆ ಯಾವಾಗಲೂ 10 ದೊಡ್ಡವೇ ಹೋಗುತ್ತವೆ. ವೀರ್ಯಾಣುಗಳಲ್ಲಿ ಮಾತ್ರ ಎರಡು ಬಗೆ: ಅರ್ಧದಷ್ಟರಲ್ಲಿ 10 ದೊಡ್ಡವು, ಇನ್ನರ್ಧದಲ್ಲಿ 9 ದೊಡ್ಡವು ಮತ್ತು ಆ ಚಿಕ್ಕದು. ಚಿಕ್ಕದನ್ನು ಹೊತ್ತ ವೀರ್ಯಾಣು ಕೂಡಿದರೆ ಗಂಡು, ಇಲ್ಲದ್ದು ಕೂಡಿದರೆ ಹೆಣ್ಣು. ಆ ಚಿಕ್ಕದನ್ನೇ ಇಂದು ವೈ ಎಂದೂ ಅದರ ದೊಡ್ಡ ಜೊತೆಗಾರನನ್ನು ಎಕ್ಸ್ ಎಂದೂ ಕರೆಯುತ್ತೇವೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನಾವೆಲ್ಲ ಬರೆದ ಚಿತ್ರ ಇದೇ.

ಮನುಷ್ಯರಲ್ಲೂ ಹೀಗೆಯೇ ಎಂಬುದು ಖಚಿತವಾಗಲು ಬಹಳ ಕಾಲ ಹಿಡಿಯಿತು. ನಮ್ಮ ವರ್ಣತಂತುಗಳು 46 ಎಂಬ ಸರಿಯಾದ ಎಣಿಕೆ ಸಿಕ್ಕಿದ್ದೇ 1956ರಲ್ಲಿ. ಗಂಡಾಗಿಸುವುದು ವೈ ಎಂದು ತಿಳಿದದ್ದು 1959ರಲ್ಲಿ. ತಾಯಿಯ ಬಳಿ ಎರಡೂ ಎಕ್ಸ್, ಅವಳು ಕೊಡುವುದು ಎಕ್ಸ್ ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಮಗಳು, ವೈ ಬಂದರೆ ಮಗ. (ಕೋಳಿಯಲ್ಲಿ ಇದು ತಿರುಗುಮುರುಗು, ಅಲ್ಲಿ ನಿರ್ಧರಿಸುವುದು ಹೇಂಟೆಯ ಮೊಟ್ಟೆ.) ಹಾಗೆಂದು ಗಂಡನನ್ನು ಬೈಯುವಂತೆಯೂ ಇಲ್ಲ, ಯಾವ ವೀರ್ಯಾಣು ಮೊದಲು ಮುಟ್ಟುವುದೆಂಬುದು ಅವನ ಕೈಯಲ್ಲಿಲ್ಲ. ಪ್ರತಿ ಹೆರಿಗೆಯೂ ಹೊಸದಾಗಿ ಹಾಕಿದ ಟಾಸ್, ಹೆಚ್ಚುಕಡಿಮೆ ಅರ್ಧರ್ಧ. ಮೂರೂ ಹೆಣ್ಣಾಗುವ ಸಂಭವ ಎಂಟರಲ್ಲಿ ಒಂದು. ಅಂದರೆ ಮೂರು ಮಕ್ಕಳಿರುವ ಎಂಟು ಮನೆ ಎಣಿಸಿದರೆ ಒಂದು ಮನೆ ಅಂಥದ್ದು ಸಿಗಬಹುದು. ಮೂರು ಹೆಣ್ಣಾದವು, ನಾಲ್ಕನೆಯದು ಗಂಡೇ ಎಂಬ ಲೆಕ್ಕವೂ ನಿಲ್ಲುವುದಿಲ್ಲ, ಹಿಂದಿನ ಟಾಸ್ ಮುಂದಿನದಕ್ಕೆ ನೆನಪಿರುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ತಿಳಿದುಕೊಂಡು ಕಳೆದುಬಿಡುವ ಕೆಟ್ಟ ಕೆಲಸಕ್ಕೆ ತಡೆಹಾಕಲು ನಮ್ಮ ದೇಶ 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು.

ಅದೇ 1905ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಹೆಸರಾಂತ ವಿಜ್ಞಾನಿ ಬೇರೆ ಕೀಟಗಳಲ್ಲಿ ಇಂಥದ್ದೇ ತೀರ್ಮಾನಕ್ಕೆ ಬಂದಿದ್ದರು. ಬಹುಕಾಲ ಹೆಸರು ಹೆಚ್ಚಾಗಿ ಅವರಿಗೇ ಸಂದಿತು. ಗುರು ಮಾರ್ಗನ್ ಮೊದಮೊದಲು ಇದನ್ನು ಪೂರ್ತಿ ಒಪ್ಪಿರಲಿಲ್ಲ. ಮುಂದೆ ಹಣ್ಣಿನ ನೊಣದ ಪ್ರಯೋಗಗಳಿಂದ ಒಪ್ಪಿ, ವರ್ಣತಂತುಗಳ ಮೇಲಿನ ಕೆಲಸಕ್ಕೆ 1933ರಲ್ಲಿ ನೊಬೆಲ್ ಪಡೆದರು. ನೆಟ್ಟಿಯ ಹೆಸರು ಹಿಂದೆ ಉಳಿಯಿತು, ಇದು ನ್ಯಾಯವೆಂದು ನನಗನಿಸುವುದಿಲ್ಲ. 2016ರ ಜುಲೈ 7ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದ ಮೇಲೆಯೇ ನಮ್ಮಂಥ ಅನೇಕರು ಅವರನ್ನು ಹುಡುಕಿ ಓದಿದ್ದು.

ನೆಟ್ಟಿ ಸುಮ್ಮನೆ ಕೂರಲಿಲ್ಲ. ಹತ್ತಾರು ಬಗೆಯ ಜೀರುಂಡೆ, ನೊಣ, ಸಸ್ಯಹೇನುಗಳನ್ನು ನೋಡುತ್ತ ಮೂವತ್ತೈದಕ್ಕೂ ಹೆಚ್ಚು ಪ್ರಬಂಧ ಬರೆದರು. ಸಸ್ಯಹೇನು ಎಂದರೆ ನಮ್ಮ ಕುಸುಬಿಗೆ ಬೀಳುವ ಹೇನಿನ ಜಾತಿಯೇ. ಬ್ರಿನ್ ಮಾರ್ ಕಾಲೇಜು ಕೊನೆಗೆ ಸಂಶೋಧನೆಗೆಂದೇ ಅವರಿಗೆ ಪ್ರಾಧ್ಯಾಪಕ ಹುದ್ದೆ ಕೊಡಲು ಮುಂದಾಯಿತು. ಅಷ್ಟರಲ್ಲಿ ಸ್ತನದ ಕ್ಯಾನ್ಸರ್ ಬಂದಿತ್ತು. ಆ ಹುದ್ದೆಗೆ ಸೇರುವ ಮುನ್ನವೇ, 1912ರ ಮೇ 4ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 50. ಹೈಸ್ಕೂಲು ಓದಿದ ವೆಸ್ಟ್‌ಫರ್ಡ್ ಊರಿನಲ್ಲಿಯೇ, ತಂದೆಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು.