ಹನಿಯಿಂದ ಹರಳಿನವರೆಗೆ

ಮಹಾಪುರುಷರ ಬಾಳಿನಲ್ಲಿ ಒಂದು ಘಟನೆಯ ಪ್ರಭೆ ಉಳಿದುದನ್ನೆಲ್ಲ ಮರೆಮಾಡಿಬಿಡುವುದುಂಟು. ಸರ್ ಸಿ. ವಿ. ರಾಮನ್ನರ ಹೆಸರೆತ್ತಿದರೆ ನಮಗೆ ನೆನಪಾಗುವುದು 1928ರ ಫೆಬ್ರವರಿ 28 ಮತ್ತು 1930ರ ನೊಬೆಲ್ ಪಾರಿತೋಷಕ. ಅದಕ್ಕೆ ಹಿಂದಿನ ಹನಿಯನ್ನೂ ಅನಂತರದ ಹರಳನ್ನೂ ಕಾಣದೆ ಆ ಜೀವನ ಪೂರ್ಣವಾಗಿ ತಿಳಿಯದೆಂದು ನಾನು ನಂಬಿದ್ದೇನೆ.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯ ಬಳಿ ಜನಿಸಿದ ರಾಮನ್, ಹತ್ತೊಂಬತ್ತು ತುಂಬುವ ಮೊದಲೇ, 1907ರಲ್ಲಿ, ದ್ರವಗಳ ಮೇಲ್ಮೈ ಎಳೆತವನ್ನು ಅಳೆಯುವ ಕ್ರಮವೊಂದನ್ನು ಕುರಿತು ಲೇಖನ ಪ್ರಕಟಿಸಿದರು. ದ್ರವದ ಒಳಗಿನ ಅಣುವಿಗೆ ಸುತ್ತಲೂ ನೆರೆಯವರಿದ್ದಾರೆ. ಮೇಲಿನ ಅಣುವಿಗೆ ಒಂದು ಕಡೆ ಬರಿದು. ಆದಕಾರಣ ಮೇಲ್ಮೈಯನ್ನು ಹಿಗ್ಗಿಸಬೇಕಾದರೆ ಶಕ್ತಿ ವ್ಯಯವಾಗಬೇಕು. ನಮ್ಮ ವಿಜಯಪುರದ ಭೂತನಾಳ ಕೆರೆಯ ನೀರಿನ ಮೇಲೆ ಮುಳುಗದೆ ಓಡಾಡುವ ಹುಳುವನ್ನು ಕಂಡಾಗಲೆಲ್ಲ ನನಗೆ ಆ ತರುಣನ ಲೇಖನದ ನೆನಪಾಗುತ್ತದೆ. ಹರಳಿಗೂ ಇದೇ ನ್ಯಾಯ. ಹನಿಗೆ ಎಲ್ಲ ದಿಕ್ಕೂ ಸಮಾನವಾದುದರಿಂದ ಅದು ಗುಂಡಗಾಗುತ್ತದೆ. ಹರಳಿನ ಒಂದೊಂದು ಮುಖದ ಶಕ್ತಿ ಒಂದೊಂದು ಬಗೆ. ಸಮಸ್ಥಿತಿಯಲ್ಲಿ ಕಡಮೆ ಶಕ್ತಿಯ ಮುಖಗಳೇ ವಿಸ್ತಾರವಾಗಿ ನಿಲ್ಲುತ್ತವೆ.

ಅದೇ ವರ್ಷ ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಕಚೇರಿಯ ವೇಳೆ ಕಳೆದ ಮೇಲೆ ಪ್ರಯೋಗಶಾಲೆ. 1917ರಲ್ಲಿ ಆ ದೊಡ್ಡ ಸಂಬಳದ ಹುದ್ದೆಯನ್ನು ತೊರೆದು ಅಧ್ಯಾಪಕರಾದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆಡಳಿತದ ವಿವಾದ ಬೆಳೆದು 1937ರಲ್ಲಿ ಆ ಪದವಿಯನ್ನು ಬಿಟ್ಟರೂ, 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು.

ಬೆಂಗಳೂರಿನಲ್ಲಿ ಅವರನ್ನು ಸೆಳೆದುದು ವಜ್ರ. 1946ರಲ್ಲಿ ರಾಮಶೇಷನ್ನರೊಡನೆ ಪನ್ನಾದ ವಜ್ರಗಳ ಬಾಗಿದ ಮುಖಗಳನ್ನು ಪರಿಶೀಲಿಸಿ, ಅವು ವಜ್ರದ ಹುಟ್ಟಿನ ರೂಪಗಳೇ ಎಂದು ವಾದಿಸಿದರು. ಇಂದಿನ ಖನಿಜಶಾಸ್ತ್ರಜ್ಞರಾದರೋ, ಅಂಥ ಬಾಗಿದ ಮುಖಗಳು ಬೆಳೆದ ವಜ್ರ ಮರಳಿ ಕರಗಿದ ಗುರುತುಗಳೆಂದು ಹೇಳುತ್ತಾರೆ. ಹರಳಿನ ಅಣುಗಳ ಕಂಪನದ ವಿಷಯದಲ್ಲಿ ಮ್ಯಾಕ್ಸ್ ಬಾರ್ನರೊಡನೆ ನಡೆದ ವಾದ ಇನ್ನೂ ಉಗ್ರವಾದುದು. ಕಂಪನಾಂಕಗಳು ಎಣಿಕೆಯಷ್ಟೇ ಎಂದು ರಾಮನ್. ಅವು ಎಡೆಬಿಡದೆ ಹರಡಿರುವುವೆಂದು ಬಾರ್ನ್. 1950ರ ದಶಕದ ನ್ಯೂಟ್ರಾನ್ ಪ್ರಯೋಗಗಳು ಬಾರ್ನರ ಪಕ್ಷವನ್ನೇ ಎತ್ತಿಹಿಡಿದುವು, ರಾಮನ್ ಮಣಿಯಲಿಲ್ಲ. ಸಂಬಳವನ್ನೂ ಪದವಿಯನ್ನೂ ತೃಣವೆಂದು ಬಿಡಬಲ್ಲ ಧೀರನಿಗೆ ತನ್ನ ಮತವೊಂದನ್ನು ಬಿಡುವುದು ಸಾಧ್ಯವಾಗಲಿಲ್ಲ. ಆ ಛಲವಿಲ್ಲದಿದ್ದರೆ 1948ರಲ್ಲಿ ಅವರ ಸ್ವಂತ ಸಂಸ್ಥೆಯೂ ತಲೆಯೆತ್ತುತ್ತಿರಲಿಲ್ಲವೇನೋ! ಗುಣದೋಷಗಳು ಒಂದೇ ಹರಳಿನ ಎರಡು ಮುಖಗಳಾಗಿದ್ದುವು.

ಆದರೂ ಅವರ ಬೆಳಕು ಹರಳನ್ನು ಗೆದ್ದಿತು. 1987ರಲ್ಲಿ ಇಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡೊಂದು ಸುಮಾರು 93 ಕೆಲ್ವಿನ್‌ನಲ್ಲಿಯೇ ಅತಿವಾಹಕವಾಗುವುದು ತಿಳಿದುಬಂದಿತು; ದ್ರವ ಸಾರಜನಕದ 77 ಕೆಲ್ವಿನ್ ತಂಪು ಅದಕ್ಕೆ ಸಾಕು. ಅದರ ತೆಳುಪದರವನ್ನು ಬೆಳೆಸುವಾಗ ಹರಳು ಯಾವ ಮುಖ ಮೇಲಾಗಿ ನಿಲ್ಲುವುದೆಂಬುದೇ ಮುಖ್ಯ, ಏಕೆಂದರೆ ವಿದ್ಯುತ್ತು ಸರಾಗವಾಗಿ ಹರಿಯುವುದು ತಾಮ್ರ–ಆಮ್ಲಜನಕದ ಪಾತಳಿಗಳಲ್ಲಿ. ಇದನ್ನು ನಿರ್ಣಯಿಸುವಲ್ಲಿ ಮೇಲ್ಮೈ ಶಕ್ತಿಗೂ ಬೆಳೆಸುವ ಶಾಖಕ್ಕೂ ಪಾಲುಂಟು. ಹರಳು ಸರಿಯಾಗಿ ನಿಂತಿದೆಯೆ, ಆಮ್ಲಜನಕ ಸಾಕಷ್ಟಿದೆಯೆ ಎಂಬುದನ್ನು ಪದರಕ್ಕೆ ಹಾನಿಯಾಗದಂತೆ ಹೇಳುವ ಸಾಧನಗಳಲ್ಲಿ ರಾಮನ್ ಪರಿಣಾಮವೂ ಒಂದು.

ಅದನ್ನು ನೋಡಲು ಅವರಿರಲಿಲ್ಲ. 1970ರ ನವೆಂಬರ್ 21ರಂದು ತೀರಿಕೊಂಡ ಅವರ ದೇಹಕ್ಕೆ ಅವರ ಸಂಸ್ಥೆಯ ಆವರಣದಲ್ಲಿಯೇ ಸಂಸ್ಕಾರವಾಯಿತು. ಆ ನೆಲದಲ್ಲಿ ಅವರಿಗೆ ಗೋರಿಯಿಲ್ಲ, ಒಂದು ಮರವಿದೆ.