ಐದು ಗೆರೆಗಳ ವಿದ್ಯೆ ಕಲಿತ ಅರಸರು: ಶ್ರೀ ಜಯಚಾಮರಾಜ ಒಡೆಯರ್

1956ರ ನವೆಂಬರ್ 1ರಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳು ಮುಂಬಯಿ ರಾಜ್ಯದಿಂದ ಬೇರೆಯಾಗಿ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಇವುಗಳಲ್ಲಿ ರಾಮದುರ್ಗವಂತೂ 1948ರವರೆಗೆ ತನ್ನದೇ ಅರಸರಿದ್ದ ಪುಟ್ಟ ಸಂಸ್ಥಾನ. ಹೊಸ ರಾಜ್ಯದ ಮೊದಲ ರಾಜ್ಯಪಾಲರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರ್. 1964ರವರೆಗೆ ಅವರು ನಮಗೂ ರಾಜ್ಯಪಾಲರಾಗಿದ್ದರು. ಅವರ ರಾಜಕೀಯ ಜೀವನ ಸಮಾಜ ವಿಜ್ಞಾನದ ಪಾಠಗಳಲ್ಲಿ ಬರುತ್ತದೆ. ಅವರು ಪಾಶ್ಚಾತ್ಯ ಸಂಗೀತವನ್ನು ಅಕ್ಷರಾಭ್ಯಾಸದಿಂದ ಹಿಡಿದು ಕ್ರಮವಾಗಿ ಕಲಿತವರು ಎಂಬುದು ನಮ್ಮ ಕಡೆ ಅಷ್ಟಾಗಿ ತಿಳಿದಿಲ್ಲ. ವಿದ್ಯಾರ್ಥಿಗಳಿಗಾಗಿ ಅದನ್ನೇ ಇಲ್ಲಿ ಬರೆಯುತ್ತೇನೆ.

ಒಡೆಯರು ಹುಟ್ಟಿದ್ದು 1919ರ ಜುಲೈ 18ರಂದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಒಬ್ಬನೇ ಮಗ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ತಮ್ಮನ ಮಗ. ಆಗಿನ ಮೈಸೂರು ಅರಮನೆಯಲ್ಲಿ ವೀಣೆಯ ವಿದ್ವಾಂಸರೂ ಇದ್ದರು, ಇಂಗ್ಲಿಷ್ ಬ್ಯಾಂಡೂ ಇತ್ತು. ಬಾಲಕನ ಮನಸ್ಸು ಪಿಯಾನೋದ ಕಡೆಗೆ ವಾಲಿತು.

ಆ ಕಲಿಕೆ ಎಂಥದೆಂದು ಸ್ವಲ್ಪ ಹೇಳಬೇಕು. ನಮ್ಮ ಸಂಗ್ಯಾ-ಬಾಳ್ಯಾ, ಪಾರಿಜಾತದ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಪೇಟಿ ಮಾಸ್ತರರು ಹಾಡುವವರ ಕಂಠ ನೋಡಿಕೊಂಡು ಕಪ್ಪು ಎರಡು, ಬಿಳಿ ನಾಲ್ಕು ಎಂದು ಪಟ್ಟಿ ಆರಿಸುತ್ತಾರೆ. ಅಲ್ಲಿಂದ ಷಡ್ಜ ಶುರು. ಕಾಗದದ ಮೇಲೆ ನಾವು ಸ ರಿ ಗ ಮ ಎಂದು ಬರೆದುಕೊಂಡರೆ ಆ ಸ ಯಾವ ಪಟ್ಟಿಯದು ಎಂಬುದು ಅದರಿಂದ ತಿಳಿಯುವುದಿಲ್ಲ. ಪಾಶ್ಚಾತ್ಯರ ಬರವಣಿಗೆ ಬೇರೆ. ಅಡ್ಡಲಾಗಿ ಐದು ಗೆರೆ, ನಡುವೆ ನಾಲ್ಕು ಸಂದು. ಬಿಂದು ಯಾವ ಗೆರೆಯ ಮೇಲೆ ಅಥವಾ ಯಾವ ಸಂದಿನಲ್ಲಿ ಕೂತಿದೆ ಎಂಬುದರಿಂದ ನಿರ್ದಿಷ್ಟ ಸ್ವರ ಗೊತ್ತಾಗುತ್ತದೆ. ಬಿಂದುವಿನ ಆಕಾರವೇ ಕಾಲವನ್ನು ಹೇಳುತ್ತದೆ. ಟೊಳ್ಳು ಬಿಂದುವಿಗೆ ನಾಲ್ಕು ಮಾತ್ರೆ ಎಂದುಕೊಂಡರೆ, ಅದಕ್ಕೆ ಕಡ್ಡಿ ಸೇರಿದಾಗ ಎರಡು, ಒಳಗೆ ಕಪ್ಪು ತುಂಬಿದರೆ ಒಂದು, ಕಡ್ಡಿಗೆ ಬಾಲ ಬಂದರೆ ಅರ್ಧ. ಲೆಕ್ಕ ಬಲ್ಲ ಹುಡುಗರಿಗೆ ಇದು ಭಿನ್ನರಾಶಿಯ ಪಾಠವೇ.

ಪಿಯಾನೋಕ್ಕೆ ಇಂಥ ಐದು ಗೆರೆಯ ಎರಡು ಸಾಲು ಬೇಕು. ಸಾಮಾನ್ಯವಾಗಿ ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ. ಕಣ್ಣು ಹತ್ತು ಗೆರೆಗಳನ್ನು ಒಟ್ಟಿಗೆ ಓದಬೇಕು. ಕೈ 88 ಪಟ್ಟಿಗಳ ಮೇಲೆ ಓಡಾಡಬೇಕು. ನಮ್ಮಲ್ಲಿ ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಸ, ಗ, ಪ ಮೂರನ್ನೂ ಒಮ್ಮೆಲೇ ನುಡಿಸುತ್ತಾರೆ. ಯಾವ ಸ್ವರಗಳು ಕೂಡಿದರೆ ಹಿತ, ಯಾವ ಗುಂಪಿನ ನಂತರ ಯಾವುದು ಬರಬೇಕು ಎಂಬುದೇ ಒಂದು ಶಾಸ್ತ್ರ. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಪರೀಕ್ಷಕರು ಭಾರತಕ್ಕೇ ಬಂದು ಇದರಲ್ಲಿ ಪರೀಕ್ಷೆ ನಡೆಸುತ್ತಿದ್ದರು.

ಈ ವಿದ್ಯೆಯಲ್ಲಿ ಒಡೆಯರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಫೆಲೋಶಿಪ್ ಕೊಟ್ಟಿತು. ನಡುವೆ ಮಹಾರಾಜಾ ಕಾಲೇಜಿನ ಓದೂ ನಡೆದಿತ್ತು. 1938ರಲ್ಲಿ ಚಿನ್ನದ ಪದಕಗಳೊಂದಿಗೆ ಪದವೀಧರರಾದರು. ಸಭೆಯಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕೆಂಬುದು ಅವರ ಬಯಕೆ.

ಅದು ಕೈಗೂಡಲಿಲ್ಲ. 1940ರ ಮಾರ್ಚ್ 11ರಂದು ತಂದೆ ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರೂ ಹೋದರು. ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ಹುಡುಗ ಸಿಂಹಾಸನ ಏರಬೇಕಾಯಿತು. ಆರೇ ತಿಂಗಳಲ್ಲಿ ಬದುಕಿನ ದಾರಿಯೇ ಬದಲಾಯಿತು. ಸಿಂಹಾಸನ ಸಿಕ್ಕಿದ್ದನ್ನು ಭಾಗ್ಯವೆಂದು ಎಲ್ಲರೂ ಎಣಿಸುತ್ತಾರೆ. ಅದಕ್ಕಾಗಿ ಬಿಟ್ಟುಕೊಟ್ಟಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಾವು ನುಡಿಸಲಾಗದಿದ್ದರೂ ನುಡಿಸುವವರಿಗೆ ಅವರು ಆಸರೆಯಾದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರ ಸ್ವದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಹೃದಯದ ಕಾಯಿಲೆ, ಕೈಯಲ್ಲಿ ಹಣವಿಲ್ಲ. ಅವರು ಬರೆದ ಸಂಗೀತವನ್ನು ನುಡಿಸುವವರೂ ಕಡಿಮೆ. ಒಡೆಯರು ಮೆಟ್ನರ್ ಸೊಸೈಟಿಗೆ ಹಣ ಒದಗಿಸಿದರು. ಅದರಿಂದ ಮೆಟ್ನರ್ ತಮ್ಮ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ತಾವೇ ನುಡಿಸಿ ಗ್ರಾಮಫೋನ್ ತಟ್ಟೆಗಳಿಗೆ ಕೊಟ್ಟರು. ಮೂರನೆಯದನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಸ್ವಲ್ಪ ತಡವಾಗಿದ್ದರೂ ಆ ಕೈಯ ನಾದ ನಮಗೆ ಉಳಿಯುತ್ತಿರಲಿಲ್ಲ.

1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಒಡೆಯರನ್ನು ಮೊದಲ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಅದರ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದು, ಅರಮನೆಯಲ್ಲಿದ್ದ ಸಾವಿರಾರು ತಟ್ಟೆಗಳ ಸಂಗ್ರಹ ಕಂಡು ಬೆರಗಾದರು. ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಮಹಾರಾಜರು ಒಪ್ಪಿದರು. ಜೋಳ ಅಕ್ಕಿಗೆ ರೇಶನ್ ಇದ್ದ ಕಾಲದಲ್ಲಿ ಅಷ್ಟು ಹಣ ಲಂಡನ್ನಿಗೆ ಹೋಗಬೇಕಿತ್ತೇ ಎಂದು ಕೇಳಿದರೆ ಆ ಪ್ರಶ್ನೆ ತಪ್ಪಲ್ಲ, ನನಗೂ ಅದು ಬರುತ್ತದೆ. ಆದರೆ ಪಿಯಾನೋ ಕಲಿತು ಅದನ್ನು ಬಿಡಬೇಕಾಗಿ ಬಂದವರು ಅದನ್ನು ಕೊಟ್ಟರು ಎಂಬುದನ್ನೂ ಮರೆಯಲಾಗದು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್ ಎಂಬ ಜರ್ಮನ್ ಸಂಗೀತಕಾರರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗಲೂ ಖರ್ಚಿನ ಜವಾಬ್ದಾರಿ ಹೊತ್ತವರು ಒಡೆಯರೇ. ಅದರ ಧ್ವನಿಮುದ್ರಣ ಮೈಸೂರಿಗೆ ಬಂತು.

ಈ ನಡುವೆ ಅವರು ಮತ್ತೊಮ್ಮೆ ವಿದ್ಯಾರ್ಥಿಯಾದರು. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ವಯೋವೃದ್ಧರಾದ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತ ಅಭ್ಯಾಸ ಮಾಡಿದರು. ಗೆರೆಗಳ ಮೇಲೆ ಓದುವ ಅಭ್ಯಾಸವಾದವರಿಗೆ ಗಮಕ ಸುಲಭವಲ್ಲ, ಬಿಂದುಗಳ ನಡುವಿನ ಆ ಜಾರು ಗುರುಮುಖದಿಂದಲೇ ಬರಬೇಕು. ಒಡೆಯರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ ರಾಗದ ಮಹಾಗಣಪತಿಯ ಕೃತಿಯನ್ನು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ.

1974ರ ಸೆಪ್ಟೆಂಬರ್ 23ರಂದು ಒಡೆಯರು ಬೆಂಗಳೂರಿನಲ್ಲಿ ನಿಧನರಾದರು. ಮೆಟ್ನರ್ ನುಡಿಸಿದ ಆ ತಟ್ಟೆಗಳು ಮುಂದೆ ಸಿ.ಡಿ.ಗಳಾಗಿಯೂ ಬಂದವು, ಆಸಕ್ತರು ಕೇಳಬಹುದು.