ಗೌನು ಕಳಚಿಟ್ಟು ಶಾಲೆ ಕಟ್ಟಿದ ಅವಿನಾಶಿಲಿಂಗಂ

ಸೂಲೂರು: ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಕೊಯಮತ್ತೂರು ಸೀಮೆಯ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಇದು ತಲೆಮಾರುಗಳಿಂದ ನಡೆದುಬಂದ ರೂಢಿ. ಮಕ್ಕಳಿಗೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕು ಎಂಬ ಪ್ರಶ್ನೆ ಇಂಥವರಿಗೆ ಹೊಸದಲ್ಲ. ಹಳೆಯ ಮದರಾಸು ಪ್ರಾಂತ್ಯದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಕುರ್ಚಿಯಲ್ಲಿ ಒಮ್ಮೆ ಕೂತವರು ಇದೇ ಸೀಮೆಯ ವಕೀಲರು, ಟಿ.ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್.

1903ರಲ್ಲಿ ತಿರುಪ್ಪೂರಿನ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು. ಕೋರ್ಟಿನಲ್ಲಿ ಚೆನ್ನಾಗಿ ಸಂಪಾದಿಸಬಹುದಿತ್ತು. ಆದರೆ ಗಾಂಧೀಜಿಯ ಚಳವಳಿ, ರಾಮಕೃಷ್ಣ-ವಿವೇಕಾನಂದರ ಸೆಳೆತ ಎರಡೂ ಸೇರಿ ಅವರನ್ನು ಬೇರೆ ದಾರಿಗೆ ಎಳೆದವು. ಮದುವೆಯಾಗಲಿಲ್ಲ. ನಾಲ್ಕು ಸಲ ಜೈಲಿಗೆ ಹೋದರು. 1942ರಲ್ಲಿ ಸೂಲೂರಿನ ವಿಮಾನ ನಿಲ್ದಾಣಕ್ಕೆ ಚಳವಳಿಗಾರರು ಬೆಂಕಿ ಇಟ್ಟ ವರ್ಷವೂ ಅವರಿಗೆ ಸೆರೆಮನೆಯೇ ಗತಿಯಾಯಿತು.

1930ರಲ್ಲಿ ಅವರು ಕೊಯಮತ್ತೂರಿನಲ್ಲಿ ರಾಮಕೃಷ್ಣ ವಿದ್ಯಾಲಯ ಆರಂಭಿಸಿದರು. ಬೆರಳೆಣಿಕೆಯ ಹುಡುಗರು, ಅವರಲ್ಲಿ ಹರಿಜನ ಬಾಲಕನೂ ಇದ್ದ. ಎಲ್ಲರೂ ಒಂದೇ ಸೂರಿನಡಿ ಇರುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಪೆರಿಯನಾಯಕನಪಾಳ್ಯದ ಕಟ್ಟಡಕ್ಕೆ 1934ರಲ್ಲಿ ಗಾಂಧೀಜಿ ಅಡಿಗಲ್ಲು ಹಾಕಿದರು.

ಹತ್ತು ವರ್ಷ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿದ್ದು, 1946ರಲ್ಲಿ ಅವರು ಮದರಾಸು ಪ್ರಾಂತ್ಯದ ಶಿಕ್ಷಣ ಮಂತ್ರಿಯಾದರು. ಬಳ್ಳಾರಿ, ದಕ್ಷಿಣ ಕನ್ನಡ ಆಗ ಅದೇ ಪ್ರಾಂತ್ಯದಲ್ಲಿದ್ದವು. ಕೊಳ್ಳೇಗಾಲವಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಅಂದರೆ ಮಂತ್ರಿಯ ಸ್ವಂತ ಜಿಲ್ಲೆಯಲ್ಲೇ ಕನ್ನಡವೂ ಇತ್ತು.

ಪ್ರೌಢಶಾಲೆಯ ಪಾಠ ಇಂಗ್ಲಿಷಿನಲ್ಲಲ್ಲ, ತಮಿಳಿನಲ್ಲೇ ನಡೆಯಬೇಕೆಂದು ಅವರು ಪಟ್ಟು ಹಿಡಿದರು. ತಿರುಕ್ಕುರಳ್ ಪಠ್ಯಕ್ಕೆ ಬಂತು. ಭಾರತಿಯಾರ್ ಕೃತಿಗಳ ಹಕ್ಕನ್ನು 1949ರಲ್ಲಿ ಸರ್ಕಾರವೇ ಪಡೆಯಲು ಮುಂದಾಯಿತು. ಅವರು ಕಟ್ಟಿದ ತಮಿಳ್ ವಳರ್ಚಿ ಕಳಗದಿಂದ ಹತ್ತು ಸಂಪುಟಗಳ ವಿಶ್ವಕೋಶ ಹೊರಬಂತು. ಅದರ ಸಂಪಾದಕ ಪೆರಿಯಸಾಮಿ ತೂರನ್ ಇದೇ ವಿದ್ಯಾಲಯದಲ್ಲಿ ಮೇಷ್ಟರಾಗಿದ್ದವರು.

ಇಷ್ಟೆಲ್ಲ ಮಾಡಿದವರೇ ತಮಿಳರ ಸಿಟ್ಟಿಗೂ ಗುರಿಯಾದದ್ದು ವಿಚಿತ್ರ. ಪ್ರಾಂತ್ಯದ ಕನ್ನಡ, ತೆಲುಗು, ಮಲಯಾಳಂ ಜಿಲ್ಲೆಗಳಲ್ಲಿ ಹಿಂದಿ ಮೊದಲೇ ಕಡ್ಡಾಯವಾಗಿತ್ತು. 1948ರ ಜೂನ್‌ನಲ್ಲಿ ತಮಿಳು ಜಿಲ್ಲೆಗಳಿಗೂ ಅದನ್ನು ಕಡ್ಡಾಯ ಮಾಡಲಾಯಿತು. ಪೆರಿಯಾರ್ ನೇತೃತ್ವದಲ್ಲಿ ಚಳವಳಿ ಎದ್ದಿತು. ದೇಶಕ್ಕೊಂದು ಸಂಪರ್ಕ ಭಾಷೆ ಬೇಕೆಂಬುದು ಅಂದಿನ ಗಾಂಧಿವಾದಿಗಳ ನಂಬಿಕೆ, ಅದರಲ್ಲಿ ಕಪಟವಿರಲಿಲ್ಲ. ಆದರೆ ಜನರ ನಾಡಿ ಹಿಡಿಯುವುದರಲ್ಲಿ ಮಂತ್ರಿಗಳು ಎಡವಿದರು ಎನ್ನಲೇಬೇಕು. 1949ರಲ್ಲಿ ಮಂತ್ರಿಮಂಡಲ ಬದಲಾಯಿತು, ಅವರ ಸ್ಥಾನವೂ ಹೋಯಿತು. 1950-51ರಿಂದ ಹಿಂದಿ ಮತ್ತೆ ಐಚ್ಛಿಕವಾಯಿತು.

ಆಮೇಲೆ ತಿರುಪ್ಪೂರಿನಿಂದ ಲೋಕಸಭೆಗೆ, ನಂತರ ರಾಜ್ಯಸಭೆಗೆ ಹೋದರೂ ಅವರ ಮನಸ್ಸು ಇದ್ದದ್ದು ಶಾಲೆಗಳಲ್ಲೇ. 1957ರಲ್ಲಿ ಕೊಯಮತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಗೃಹವಿಜ್ಞಾನ ಕಾಲೇಜು ತೆರೆದರು. 1970ರಲ್ಲಿ ಪದ್ಮಭೂಷಣ ಬಂತು. ಆ ಕಾಲೇಜಿಗೆ 1988ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿದ್ದನ್ನು ಕಣ್ಣಾರೆ ಕಂಡು, 1991ರ ನವೆಂಬರಿನಲ್ಲಿ ಅವರು ತೀರಿಕೊಂಡರು.